ಇವತ್ತು ಏನು ಬಂತು? ಮೀನುಗಾರರಿಂದ ನೇರವಾಗಿ ಕೊಳ್ಳುವವರಿಗೆ ಮೊದಲ ಪಾಠ

ಬೆಂಗಳೂರಿನ ಅಂಚಿನ ನಮ್ಮ ಸೋಲದೇವನಹಳ್ಳಿಯಿಂದ ಸಮುದ್ರಕ್ಕೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್. ಆದರೂ ಕಡಲಮೀನು ನಮಗೆ ಅಷ್ಟೇನೂ ದೂರವಲ್ಲ. ಮಂಗಳೂರಿನಿಂದ ಹಾಸನದ ಮೇಲೆ ಬರುವ ರಾಷ್ಟ್ರೀಯ ಹೆದ್ದಾರಿ 75 ನೆಲಮಂಗಲದ ಹತ್ತಿರವೇ ಹಾದುಹೋಗುತ್ತದೆ. ಸಂಜೆ ಬಂದರಿನಲ್ಲಿ ಐಸ್ ತುಂಬಿಕೊಂಡು ಹೊರಟ ಗಾಡಿ ಬೆಳಗಾಗುವಷ್ಟರಲ್ಲಿ ಈ ಕಡೆ ಬಂದಿರುತ್ತದೆ. ಅಂಗಡಿಯ ಬದಲು ಮೀನು ಹಿಡಿದ ಮನೆಯವರಿಗೇ ಫೋನ್ ಮಾಡಿ ತರಿಸಿಕೊಳ್ಳೋಣ ಎಂದು ಯೋಚಿಸುತ್ತಿರುವವರಿಗಾಗಿ ಈ ಬರಹ. ಮೀನಿನ ಬಗ್ಗೆ ನಿಮಗೆ ಏನೂ ಗೊತ್ತಿಲ್ಲ ಎಂದೇ ಇಟ್ಟುಕೊಂಡು ಶುರುಮಾಡುತ್ತೇನೆ.

ಮೊದಲು, ನೇರ ಮಾರಾಟ ಎಂದರೇನು? ಸಾಮಾನ್ಯವಾಗಿ ಬೋಟಿನ ಮೀನು ಬಂದರಿನಲ್ಲಿ ಏಲಂ ಆಗುತ್ತದೆ. ಅಲ್ಲಿಂದ ಸಗಟು ವ್ಯಾಪಾರಿ, ಗಾಡಿಯವರು, ಬೆಂಗಳೂರಿನ ಮಾರುಕಟ್ಟೆ, ಕೊನೆಗೆ ನಿಮ್ಮ ಬೀದಿಯ ಅಂಗಡಿ. ಪ್ರತಿ ಕೈಯಲ್ಲೂ ಬೆಲೆ ಒಂದಿಷ್ಟು ಏರುತ್ತದೆ, ಮೀನಿನ ಕಥೆ ಒಂದಿಷ್ಟು ಅಳಿಸಿಹೋಗುತ್ತದೆ. ಯಾರು, ಎಲ್ಲಿ, ಯಾವ ಬಲೆಯಲ್ಲಿ ಹಿಡಿದರು ಎಂದು ಅಂಗಡಿಯವರನ್ನು ಕೇಳಿದರೆ ಅವರಾದರೂ ಏನು ಹೇಳಿಯಾರು? ನೇರವಾಗಿ ಕೊಂಡಾಗ ಅಗ್ಗ ಸಿಕ್ಕೇ ಸಿಗುತ್ತದೆ ಎಂದೇನಿಲ್ಲ. ಸಾಗಣೆ, ಐಸು, ಡಬ್ಬಿಯ ಖರ್ಚು ಇದ್ದೇ ಇರುತ್ತದೆ. ಆದರೆ ಕೇಳಿದ್ದಕ್ಕೆ ಉತ್ತರ ಸಿಗುತ್ತದೆ. ನೇರ ವ್ಯಾಪಾರದ ನಿಜವಾದ ಲಾಭ ಅದೇ.

ಇದು ಹೊಸ ಪದ್ಧತಿಯೂ ಅಲ್ಲ. ಉಡುಪಿ, ದಕ್ಷಿಣ ಕನ್ನಡದ ಮೊಗವೀರರಲ್ಲಿ ಗಂಡಸರು ಕಡಲಿಗೆ ಹೋದರೆ ಹೆಂಗಸರು ಬುಟ್ಟಿ ಹೊತ್ತು ಮನೆಮನೆಗೆ ಮಾರಿಕೊಂಡು ಬಂದವರು. ಉತ್ತರ ಕನ್ನಡದ ಖಾರ್ವಿ, ಹರಿಕಾಂತ, ಅಂಬಿಗರ ಮನೆಗಳಲ್ಲೂ ಮಾರಾಟದ ಜಾಣ್ಮೆ ಹೆಂಗಸರದ್ದೇ. ಯಾರ ಮನೆಗೆ ಬಂಗುಡೆ (ಮ್ಯಾಕೆರೆಲ್) ಬೇಕು, ಯಾರು ಸಂಕಷ್ಟಿ ಆಚರಿಸುತ್ತಾರೆ, ಯಾರಿಗೆ ಸಾಲ ಕೊಡಬಹುದು ಎಂಬ ಲೆಕ್ಕವೆಲ್ಲ ಅವರ ತಲೆಯಲ್ಲೇ. ಇವತ್ತು ಬುಟ್ಟಿಯ ಜಾಗಕ್ಕೆ ಐಸ್ ಪೆಟ್ಟಿಗೆ, ಕೂಗಿನ ಜಾಗಕ್ಕೆ ವಾಟ್ಸಾಪ್ ಬಂದಿರಬಹುದು, ಅಷ್ಟೆ.

ಇನ್ನು ಕೇಳಬೇಕಾದ ಪ್ರಶ್ನೆಗಳು. ಮೂರೇ ಸಾಕು.

ಒಂದು: ಹಿಡಿದದ್ದು ಯಾವಾಗ? ‘ಇವತ್ತು ಬಂದರಿಗೆ ಬಂತು’ ಎಂದರೆ ‘ಇವತ್ತು ಹಿಡಿದರು’ ಎಂದೇನಲ್ಲ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ವಾರ, ಹತ್ತು ದಿನ ನೀರಿನಲ್ಲೇ ಇರುತ್ತವೆ. ಮೊದಲ ದಿನ ಹಿಡಿದದ್ದೂ ಕೊನೆಯ ದಿನ ಹಿಡಿದದ್ದೂ ಒಟ್ಟಿಗೇ ದಡ ಸೇರುತ್ತವೆ. ನಾಡದೋಣಿಯವರು ಸಾಮಾನ್ಯವಾಗಿ ಅದೇ ದಿನ ಮರಳುತ್ತಾರೆ. ಚೆನ್ನಾಗಿ ಐಸ್ ಹಾಕಿದ್ದರೆ ನಾಲ್ಕು ದಿನದ ಮೀನೂ ಒಳ್ಳೆಯದೇ. ದಿನ ಗೊತ್ತಿರಬೇಕು ಎಂಬುದಷ್ಟೇ ಮುಖ್ಯ.

ಎರಡು: ಹಿಡಿದದ್ದು ಯಾವುದರಲ್ಲಿ? ಗಾಳಕ್ಕೆ ಒಂದೊಂದೇ ಮೀನು ಬೀಳುತ್ತದೆ. ಕಿವಿರು ಸಿಕ್ಕಿಸುವ ಬಲೆಯ ಕಣ್ಣು ದೊಡ್ಡದಿದ್ದರೆ ಮರಿ ತಪ್ಪಿಸಿಕೊಳ್ಳುತ್ತದೆ. ಟ್ರಾಲ್ ಬಲೆ ಸಮುದ್ರದ ತಳವನ್ನೇ ಗುಡಿಸುತ್ತದೆ. ಅದರಲ್ಲಿ ಬರುವ ಮರಿಗಳಿಗೆ ಅಡುಗೆಮನೆಯಲ್ಲಿ ಬೆಲೆಯಿಲ್ಲ. ಅವು ಮೀನಿನ ಹಿಟ್ಟು, ಎಣ್ಣೆಯ ಕಾರ್ಖಾನೆಗೆ ಹೋಗುತ್ತವೆ. ರಾತ್ರಿ ಪ್ರಖರ ಎಲ್‌ಇಡಿ ದೀಪ ಬೆಳಗಿ ಮೀನನ್ನು ಒಟ್ಟುಗೂಡಿಸಿ ಹಿಡಿಯುವುದನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಯಾವ ಬಲೆ ಎಂಬ ಜಗಳ ಕರ್ನಾಟಕದ ಕಡಲಿಗೆ ಹಳೆಯದು. ಊರಿನವರೆಲ್ಲ ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯ ಕಾಲ 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಮುಗಿಯುತ್ತ ಬಂತು. ದಡಕ್ಕೆ ಬರಬೇಕಾದ ಬಂಗುಡೆಯ ಹಿಂಡನ್ನು ನಡುನೀರಿನಲ್ಲೇ ಸುತ್ತುಗಟ್ಟಿದರೆ ದಡದವರ ಬಲೆಗೆ ಉಳಿಯುವುದೇನು? ಇಂದು ಅಲ್ಲಲ್ಲಿ ಚಿಕ್ಕ ಕೈರಂಪಣಿ ಉಳಿದಿದೆ.

ಮೂರು: ಎಷ್ಟು ದೊಡ್ಡದು? ಕೇರಳ ಸರ್ಕಾರ 2015ರಲ್ಲಿ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ (ಸಾರ್ಡೀನ್) 10 ಸೆಂ.ಮೀ. ಎಂದು ಕನಿಷ್ಠ ಅಳತೆ ಗೊತ್ತುಮಾಡಿತು. ಅದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ. ನಮ್ಮ ಅಡುಗೆಮನೆಗೂ ಇದು ಒಳ್ಳೆಯ ಅಳತೆಗೋಲು. ಮೊಟ್ಟೆಯಿಡುವ ಮೊದಲೇ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಬೂತಾಯಿಯೇ ಸಾಕ್ಷಿ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿನ ಹತ್ತಿರ ಸಿಕ್ಕಿದ್ದ ಬೂತಾಯಿ 2021ರಲ್ಲಿ ನಾಲ್ಕು ಸಾವಿರ ಟನ್ನನ್ನೂ ಮುಟ್ಟಲಿಲ್ಲ. ಇದಕ್ಕೆ ಕಡಲಿನ ಬಿಸಿ, ಮೇವಿನ ಏರುಪೇರು ಎಲ್ಲವೂ ಸೇರಿತ್ತು. ಮರಿ ಹಿಡಿದದ್ದೂ ಅದರಲ್ಲೊಂದು.

ಪ್ರಶ್ನೆ ಕೇಳುವುದು ನಿಮ್ಮ ಹಕ್ಕಾದರೆ ಕ್ಯಾಲೆಂಡರ್ ಒಪ್ಪಿಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬಹಳಷ್ಟು ಮೀನು ಮೊಟ್ಟೆಯಿಡುವ ಕಾಲವದು, ಕಡಲೂ ಮುನಿದಿರುತ್ತದೆ. ಎಂಜಿನ್ ಇಲ್ಲದ ಅಥವಾ ಹತ್ತು ಅಶ್ವಶಕ್ತಿಯೊಳಗಿನ ಎಂಜಿನ್ ಇರುವ ನಾಡದೋಣಿಗೆ ಮಾತ್ರ ಅವಕಾಶ. ಅದೂ ಅಲೆ ಇಳಿದ ದಿನ. ಆ ಎರಡು ತಿಂಗಳು ನಿಮ್ಮ ಮೀನಿನವರು ‘ಇಲ್ಲ’ ಎಂದರೆ ಬೇಸರಪಡಬೇಡಿ. ಜುಲೈ ತಿಂಗಳಲ್ಲಿ ಕೇಳಿದಷ್ಟು ಅಂಜಲ್ (ಕಿಂಗ್‌ಫಿಶ್) ‘ನಮ್ಮ ದೋಣಿಯದ್ದೇ’ ಎಂದು ಕೊಡುವವರ ಬಗ್ಗೆಯೇ ಅನುಮಾನಪಡಬೇಕು.

ಇದೇ ಕಾರಣಕ್ಕೆ ‘ಅಂಜಲ್ ಇದೆಯಾ? ಮಾಂಜಿ (ಪಾಂಫ್ರೆಟ್) ಇದೆಯಾ?’ ಎಂದು ಶುರುಮಾಡಬೇಡಿ. ‘ಅಕ್ಕಾ, ಇವತ್ತು ಏನು ಬಂತು?’ ಎನ್ನಿ. ಎಲ್ಲರೂ ಎರಡೇ ಜಾತಿ ಕೇಳಿದರೆ ಆ ಎರಡರ ಮೇಲೇ ಒತ್ತಡ ಬೀಳುತ್ತದೆ, ಬಲೆಯ ಉಳಿದ ಮೀನು ಮೂರು ಕಾಸಿಗೆ ಹೋಗುತ್ತದೆ. ಅಮೆರಿಕದ ಮೇಯ್ನ್ ರಾಜ್ಯದ ಪೋರ್ಟ್ ಕ್ಲೈಡ್ ಎಂಬ ಊರಿನ ಮೀನುಗಾರರು 2007ರಲ್ಲಿ ಇದಕ್ಕೊಂದು ಏರ್ಪಾಡು ಮಾಡಿದರು. ಗಿರಾಕಿಗಳು ಹಂಗಾಮಿಗೆ ಮೊದಲೇ ದುಡ್ಡು ಕೊಟ್ಟು ಪಾಲು ಹಿಡಿಯಬೇಕು, ಆಮೇಲೆ ವಾರವಾರ ಸಿಕ್ಕಿದ್ದರಲ್ಲಿ ತಮ್ಮ ಪಾಲು ಒಯ್ಯಬೇಕು. ನಮ್ಮ ಬಡಾವಣೆಯ ನಾಲ್ಕು ಮನೆಯವರು ಒಟ್ಟಾದರೆ ಇಲ್ಲೂ ಅದು ಸಾಧ್ಯ.

ಪೆಟ್ಟಿಗೆ ಮನೆಗೆ ಬಂತು ಎಂದುಕೊಳ್ಳಿ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಕಿವಿರು ಕೆಂಪಗಿರಬೇಕು, ಒತ್ತಿದ ಬೆರಳಿನ ಗುಳಿ ಮೇಲೆ ಬರಬೇಕು. ಐಸ್ ಪೂರ್ತಿ ಕರಗಿ ಮೀನು ಬೆಚ್ಚಗಾಗಿದ್ದರೆ ತೆಗೆದುಕೊಳ್ಳಬೇಡಿ. ಬಂಗುಡೆ, ಬೂತಾಯಿಯಂಥ ಮೀನು ಬೆಚ್ಚಗಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಆಮೇಲೆ ಎಷ್ಟು ಕುದಿಸಿದರೂ ಅದು ಹೋಗುವುದಿಲ್ಲ. ಮೈ ಕೆಂಪಾಗಿ, ತುರಿಕೆ, ತಲೆನೋವು ಬರಬಹುದು. ಇನ್ನೊಂದು ಮಾತು: ಹೇಳಿದ ಬೆಲೆ ಇಡೀ ಮೀನಿನದೋ, ಸ್ವಚ್ಛ ಮಾಡಿದ್ದರದೋ ಎಂದು ಮೊದಲೇ ಕೇಳಿಕೊಳ್ಳಿ. ತಲೆ, ಹೊಟ್ಟೆ, ಸಿಪ್ಪೆ ಹೋದ ಮೇಲೆ ತೂಕ ಎಷ್ಟು ಇಳಿಯಿತೆಂದು ನೋಡಿ ಜಗಳಕ್ಕೆ ನಿಂತವರು ಬಹಳ.

ಕಡಲಿನದೇ ಆಗಬೇಕೆಂಬ ಹಟವಿಲ್ಲದಿದ್ದರೆ ಪಕ್ಕದ ಹೆಸರಘಟ್ಟದ ಕಡೆ ನೋಡಿ. ಸಿಹಿನೀರು ಮೀನುಕೃಷಿಯ ಕೇಂದ್ರ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರ ಅಲ್ಲೇ ಇದೆ. ಕೆರೆಗಳಲ್ಲಿ ಸಿಗುವ ಕಾಟ್ಲಾ, ರೋಹು, ಮೃಗಾಲ್ ಹೆಚ್ಚಾಗಿ ಮರಿ ಬಿಟ್ಟು ಬೆಳೆಸಿದವು. ಕಾಟ್ಲಾ ಮೇಲಿನ ನೀರಿನಲ್ಲಿ, ರೋಹು ನಡುವೆ, ಮೃಗಾಲ್ ತಳದಲ್ಲಿ ಮೇಯುವುದರಿಂದ ಒಂದರ ಮೇವಿಗೆ ಇನ್ನೊಂದು ಅಡ್ಡಬರುವುದಿಲ್ಲ. ಇವನ್ನು ತಾನಾಗಿಯೇ ಬೆಳೆದ ಮೀನು ಎಂದು ಮಾರಿದರೆ ಸುಳ್ಳು. ಕೆರೆಮೀನು ಎಂದೇ ಹೇಳಿ, ಬಲೆ ಎಳೆದ ದಿನ ದಡದಲ್ಲೇ ಮಾರಿದರೆ ಮುದ್ದೆಯ ಜೊತೆಗಿನ ಸಾರಿಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಮಾತ್ರ ಬೇಡ. ಕೆರೆಯ ಬೇರೆ ಮೀನುಗಳನ್ನೆಲ್ಲ ನುಂಗುವ ಅದರ ಸಾಕಣೆಗೆ ದೇಶದಲ್ಲಿ ನಿಷೇಧವಿದೆ.

ಮೊದಲ ಸಲ ಒಂದು ಕಿಲೋ ಬಂಗುಡೆಯಿಂದ ಶುರುಮಾಡಿ. ಮುಳ್ಳು ಬಿಡಿಸುವುದು ಸುಲಭ, ಹುಳಿ ಹಾಕಿದರೂ ಹುರಿದರೂ ಒಗ್ಗುತ್ತದೆ. ಮೂರು ಪ್ರಶ್ನೆಗೆ ನೇರ ಉತ್ತರ ಸಿಕ್ಕಿತೇ, ಇಲ್ಲದ್ದನ್ನು ಇಲ್ಲ ಎಂದರೇ ಎಂದು ಗಮನಿಸಿ. ಹಾಗೆ ಹೇಳಬಲ್ಲ ಮನೆಯವರು ಸಿಕ್ಕರೆ ಹತ್ತು ರೂಪಾಯಿಗೆ ಚೌಕಾಸಿ ಮಾಡಬೇಡಿ, ಬಲೆ ಬರಿದಾದ ವಾರ ಬೇರೆಯವರ ಹತ್ತಿರ ಓಡಬೇಡಿ. ದೊಡ್ಡ ಕಣ್ಣಿನ ಬಲೆ ಹಾಕಿ ಮರಿಯನ್ನು ಬಿಟ್ಟುಬರುವ ಮೀನುಗಾರನಿಗೆ ಅವತ್ತಿನ ಸಂಪಾದನೆ ಕಡಿಮೆ. ಆ ನಷ್ಟ ತುಂಬಿಕೊಡಬಲ್ಲವರು ತಿನ್ನುವವರು ಮಾತ್ರ.