ಅಜ್ಜನ ಕಾರು ನೋಡಲೋ, ಓಡಿಸಲೋ?

ಪ್ರಶ್ನೆ: ಅಜ್ಜನ 1930ರ ದಶಕದ ಆಸ್ಟಿನ್ ಸೆವೆನ್ ಮಂಗಳೂರಿನ ಕದ್ರಿಯ ನಮ್ಮ ಮನೆಯ ಶೆಡ್ಡಿನಲ್ಲಿದೆ. ಒಂದು ಬೋಲ್ಟನ್ನೂ ಬದಲಿಸಬಾರದು ಎನ್ನುತ್ತಾರೆ ಅಣ್ಣ. ನನಗೆ ಹೊಸ ಎಂಜಿನ್ ಹಾಕಿಸಿ ಓಡಿಸುವ ಆಸೆ. ಏನು ಮಾಡಲಿ?

ಉತ್ತರ: ಇಬ್ಬರದೂ ಪ್ರೀತಿಯೇ. ಆದರೆ ಹೊಸ ಎಂಜಿನ್ ಬೇಡ. ಆ 747 ಸಿಸಿ ಎಂಜಿನ್ನೇ ಕಾರಿನ ಜೀವ. ಅದನ್ನು ಕಿತ್ತರೆ ಉಳಿಯುವುದು ಬರೀ ವೇಷ. 2021ರ ಕೇಂದ್ರ ನಿಯಮದಂತೆ, 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ವಾಹನಕ್ಕಷ್ಟೇ ವಿಂಟೇಜ್ ನೋಂದಣಿ. ಚಾಸಿಸ್, ಬಾಡಿ, ಎಂಜಿನ್ ಬದಲಾದರೆ ಆ ಮಾನ ಸಿಗದು. ಹಾಗೆ ನೋಂದಾಯಿಸಿದ ಕಾರಿಗೆ ದಿನನಿತ್ಯದ ಓಡಾಟಕ್ಕೆ ಅನುಮತಿಯಿಲ್ಲ. ಪ್ರದರ್ಶನ, ರ‍್ಯಾಲಿಗೆ ಅಡ್ಡಿಯಿಲ್ಲ.

ಹಾಗೆಂದು ಅಣ್ಣನ ಹಟವೂ ಪೂರ್ತಿ ಸರಿಯಲ್ಲ. ಟೈರು, ವೈರಿಂಗ್, ಪೆಟ್ರೋಲ್ ಪೈಪು, ಬ್ರೇಕ್ ಲೈನಿಂಗ್ ಸವೆಯಲೆಂದೇ ಇರುವವು. ಅವನ್ನು ಧೈರ್ಯವಾಗಿ ಬದಲಿಸಿ; ತೆಗೆದ ಭಾಗಗಳಿಗೆ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ನಾಳೆ ಮೊದಲಿನಂತೆ ಮಾಡಲು ಸಾಧ್ಯವಿರುವ ಬದಲಾವಣೆ ತಪ್ಪಲ್ಲ.

ಬಣ್ಣ ಉಜ್ಜುವ ಮುನ್ನ ಸೀಟು ಎತ್ತಿ ನೋಡಿ. ಬಿಸಿಲು ಕಾಣದ ಆ ಮೂಲೆಯಲ್ಲಿ ಹಳೆಯ ಬಣ್ಣ ಉಳಿದಿರಬಹುದು. ಅಂಗೈಯಗಲ ಜಾಗವನ್ನು ಹಾಗೆಯೇ ಬಿಡಿ. ಉಳಿದದ್ದಕ್ಕೆ ಅದೇ ಮಾದರಿ.

ಮಂಗಳೂರಿನ ಉಪ್ಪುಗಾಳಿಗೆ ನಿಂತ ಕಾರೇ ಬೇಗ ತುಕ್ಕು ಹಿಡಿಯುವುದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಹೊದಿಸಬೇಡಿ, ತೇವ ಒಳಗೇ ನಿಲ್ಲುತ್ತದೆ. ಇಳಿಜಾರಿನಲ್ಲಿ ಕೇಬಲ್ ಬ್ರೇಕನ್ನು ನೆಚ್ಚಿ ವೇಗ ಹೆಚ್ಚಿಸಬೇಡಿ.

ಮೊದಲು ಅಣ್ಣನೊಂದಿಗೆ ಧರ್ಮಸ್ಥಳದ ಕಾರು ಸಂಗ್ರಹಾಲಯ ನೋಡಿ ಬನ್ನಿ. ಆಮೇಲೆ ರ‍್ಯಾಲಿಯ ಒಂದು ಭಾನುವಾರ ಬೆಳಿಗ್ಗೆ, ಅಜ್ಜನ ಅದೇ ಎಂಜಿನ್ನಿನ ಸದ್ದಿನಲ್ಲಿ, ಇಬ್ಬರೂ ಪಣಂಬೂರು ಕಡಲತೀರಕ್ಕೆ ಹೊರಡಿ.