ಸೈಲೆನ್ಸರ್ ಬದಲಾಯಿಸುವ ಮುನ್ನ: ಬೈಕ್ ಸವಾರರು ತಿಳಿದಿರಬೇಕಾದ ಕಾನೂನು

ದೂರ ಪ್ರಯಾಣದ ಬೈಕಿಗೆ ಹೊಸ ಸೈಲೆನ್ಸರ್ ಹಾಕಿಸುವವರು ಅಂಗಡಿಯಲ್ಲಿ ಸದ್ದು, ತೂಕ, ಬೆಲೆ ಈ ಮೂರನ್ನು ಚೆನ್ನಾಗಿಯೇ ವಿಚಾರಿಸುತ್ತಾರೆ. ಪೊಲೀಸರು ಹಿಡಿಯುತ್ತಾರಾ ಎಂಬ ಪ್ರಶ್ನೆಗೆ ಮಾತ್ರ ಬಾಯಿಮಾತಿನ ಉತ್ತರ ಸಾಕೆನಿಸುತ್ತದೆ. ಹೈದರಾಬಾದಿನ ಅಬಿಡ್ಸ್‌ನಲ್ಲಾಗಲಿ, ಬಿಡಿಭಾಗಗಳಿಗೆ ಹೆಸರಾದ ರಾಣಿಗಂಜ್‌ನಲ್ಲಾಗಲಿ ಸಿಗುವ ಉತ್ತರ ಒಂದೇ: ‘ಕುಛ್ ನೈ ಹೋತಾ ಭಾಯ್, ರೋಡ್ ಲೀಗಲ್ ಹೈ.’ ಈ ಮಾತನ್ನೇ ಅಂಗಡಿಯವರು ಬಿಲ್ಲಿನ ಮೇಲೆ ಬರೆದುಕೊಟ್ಟರೆ ಅದಕ್ಕೆ ಕಾನೂನಿನ ಬೆಲೆಯಿದೆ. ಬರೆದುಕೊಡಲು ಹಿಂದೇಟು ಹಾಕಿದರೆ, ನಾಳೆ ಬರುವ ಚಲನ್ ಯಾರ ಹೆಸರಿಗೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಸೈಲೆನ್ಸರ್ ಬಗ್ಗೆ ನೇರವಾಗಿ ಮಾತಾಡುವುದು ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 120ನೇ ನಿಯಮ. ಇದರಲ್ಲಿ ಎರಡು ಭಾಗ. ಎಂಜಿನ್ನಿನಿಂದ ಹೊರಬರುವ ಅನಿಲದ ಸದ್ದನ್ನು ಸಾಧ್ಯವಿದ್ದಷ್ಟು ತಗ್ಗಿಸುವ ಸಾಧನ ಪ್ರತಿ ವಾಹನದಲ್ಲೂ ಇರಬೇಕು ಎನ್ನುವುದು ಮೊದಲನೆಯದು. ಒಳಗೆ ಏನೂ ಇಲ್ಲದ ಖಾಲಿ ಪೈಪು ಇಲ್ಲೇ ಸಿಕ್ಕಿಬೀಳುತ್ತದೆ. ಅದಕ್ಕೆ ಡೆಸಿಬಲ್ ಮೀಟರು ಬೇಕಾಗಿಲ್ಲ, ಟಾರ್ಚು ಹಾಕಿ ನೋಡಿದರೆ ಸಾಕು. ಎರಡನೆಯ ಭಾಗದ ಪ್ರಕಾರ ಪರಿಸರ (ಸಂರಕ್ಷಣೆ) ನಿಯಮಗಳು, 1986ರ ಆರನೇ ಅನುಸೂಚಿಯಲ್ಲಿರುವ ಶಬ್ದಮಿತಿಗೆ ವಾಹನ ಒಳಪಟ್ಟಿರಬೇಕು. ದ್ವಿಚಕ್ರ ವಾಹನಗಳಿಗೆ ಅಲ್ಲಿರುವ ಮಿತಿ ಹೀಗಿದೆ: 80 ಸಿಸಿವರೆಗೆ 75 ಡೆಸಿಬಲ್, 80ರಿಂದ 175 ಸಿಸಿವರೆಗೆ 77, ಅದಕ್ಕೂ ಮೇಲ್ಪಟ್ಟವಕ್ಕೆ 80. ಪ್ರವಾಸಕ್ಕೆಂದು ಜನ ಕೊಳ್ಳುವ ಬೈಕುಗಳು ಹೆಚ್ಚಾಗಿ ಈ ಕೊನೆಯ ಸಾಲಿಗೇ ಸೇರುತ್ತವೆ.

ಈ 80 ಡೆಸಿಬಲ್ ಎಂಬ ಅಂಕಿಯನ್ನು ಸವಾರರೂ ಅಂಗಡಿಯವರೂ ಕೆಲವೊಮ್ಮೆ ಪೊಲೀಸರೂ ತಪ್ಪಾಗಿ ಬಳಸುತ್ತಾರೆ. ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಅಳತೆಯ ಕ್ರಮವನ್ನು ಹೇಳುವುದು ಐಎಸ್ 3028 ಎಂಬ ಭಾರತೀಯ ಮಾನಕ. ಬಯಲಿನಲ್ಲಿ ಪರೀಕ್ಷಾ ರಸ್ತೆಯೊಂದನ್ನು ಗುರುತು ಮಾಡಿ, ಅದರ ನಡುಗೆರೆಯಿಂದ 7.5 ಮೀಟರ್ ದೂರದಲ್ಲಿ, ನೆಲದಿಂದ 1.2 ಮೀಟರ್ ಎತ್ತರಕ್ಕೆ ಮೈಕ್ ನಿಲ್ಲಿಸುತ್ತಾರೆ. ಬೈಕು ನಿಗದಿತ ವೇಗದಲ್ಲಿ ಬಂದು, ಗುರುತಿನ ಗೆರೆ ಮುಟ್ಟಿದ ಕೂಡಲೇ ಎಕ್ಸಲರೇಟರನ್ನು ಪೂರ್ತಿ ತಿರುಗಿಸಿಕೊಂಡು ಮೈಕಿನ ಮುಂದೆ ಹಾದುಹೋಗಬೇಕು. ಆಗ ಬಂದ ಸದ್ದು 80 ದಾಟಬಾರದು. ನಿಂತ ಬೈಕಿನ ಸೈಲೆನ್ಸರ್ ಬಾಯಿಗೆ ಅರ್ಧ ಮೀಟರ್ ದೂರದಲ್ಲಿ ಮೀಟರ್ ಹಿಡಿದರೆ ಬರುವ ಅಂಕಿಯೇ ಬೇರೆ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಂತೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಅರ್ಧ ಮೀಟರಿಗೂ ಏಳೂವರೆ ಮೀಟರಿಗೂ ನಡುವೆ ಇಪ್ಪತ್ತಕ್ಕೂ ಮೀರಿದ ಡೆಸಿಬಲ್‌ಗಳ ವ್ಯತ್ಯಾಸ ಬರಬಹುದು.

ಇದರಿಂದ ಸವಾರನಿಗೆ ಎರಡು ವಿಷಯ ಗೊತ್ತಾಗಬೇಕು. ಕಂಪನಿಯ ಸೈಲೆನ್ಸರಿನ ಹಿಂದೆಯೇ ಮೊಬೈಲ್ ಆ್ಯಪ್ ಹಿಡಿದು ‘92 ತೋರಿಸುತ್ತಿದೆ, ಕಾನೂನುಬಾಹಿರ’ ಎಂದು ಯಾರಾದರೂ ಹೇಳಿದರೆ ಆ ಹೋಲಿಕೆ ಸರಿಯಲ್ಲ. ಹಾಗೆಯೇ ಅಂಗಡಿಯಲ್ಲಿ ಎಂಜಿನ್ ಸುಮ್ಮನೆ ಐಡ್ಲಿಂಗ್‌ನಲ್ಲಿರುವಾಗ ಮೀಟರ್ ಹಿಡಿದು ‘78 ಅಷ್ಟೇ ಸಾರ್’ ಎಂದರೆ ಅದೂ ಸರಿಯಲ್ಲ. ಕೇಳಬೇಕಾದದ್ದು ನಿಮ್ಮದೇ ಮಾದರಿಯ ಬೈಕಿಗೆ ಈ ಸೈಲೆನ್ಸರ್ ಜೋಡಿಸಿ, ಐಎಸ್ 3028ರ ಪ್ರಕಾರ ಮಾಡಿದ ಪರೀಕ್ಷೆಯ ವರದಿ. ವರದಿ ಇದ್ದರೆ ಪ್ರತಿ ಪಡೆಯಿರಿ. ಇಲ್ಲದಿದ್ದರೆ ‘ರೋಡ್ ಲೀಗಲ್’ ಎಂಬ ಮಾತಿಗೆ ಆಧಾರವಿಲ್ಲ.

ಆಮದಾದ ಸೈಲೆನ್ಸರುಗಳ ಮೈಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ಒಂದು ಅಂಕಿ, ನಂತರ ಅನುಮೋದನೆಯ ಸಂಖ್ಯೆ ಕೊರೆದಿರುತ್ತದೆ. ಅಂಕಿ ಅನುಮೋದನೆ ಕೊಟ್ಟ ದೇಶದ್ದು: 1 ಜರ್ಮನಿ, 3 ಇಟಲಿ, 4 ನೆದರ್‌ಲೆಂಡ್ಸ್. ಯುರೋಪಿನ ನಿಯಮದಡಿ, ಹೆಸರಿಸಿದ ಬೈಕ್ ಮಾದರಿಗೆ ಪರೀಕ್ಷೆಯಾಗಿದೆ ಎಂಬುದಕ್ಕೆ ಅದು ಗುರುತು. ಒಳ್ಳೆಯ ಸೂಚನೆ ಹೌದು, ಆದರೆ ಇಲ್ಲಿ ಅಳತೆಗೋಲು ನಮ್ಮ 120ನೇ ನಿಯಮವೇ. ಅದೇ ಸೈಲೆನ್ಸರಿನ ಬಾಯೊಳಗೆ ಇಣುಕಿದರೆ ಸಣ್ಣ ಕೊಳವೆಯಂಥ ತುಂಡೊಂದು ಕಾಣುತ್ತದೆ, ಅದನ್ನು ಹಿಡಿದಿರುವುದು ಒಂದು ಅಲೆನ್ ಬೋಲ್ಟ್. ಅದೇ ಡಿಬಿ ಕಿಲ್ಲರ್. ಅದು ಇರುವ ಸ್ಥಿತಿಯಲ್ಲಿ ಆದ ಅನುಮೋದನೆ ಅದನ್ನು ಬಿಚ್ಚಿದ ಕ್ಷಣಕ್ಕೆ ಮುಗಿಯಿತು. ಫಿಟ್ಟಿಂಗ್ ಮಾಡುವ ಹುಡುಗ ನಿಮ್ಮನ್ನು ಕೇಳದೆಯೇ ಅದನ್ನು ತೆಗೆದು ಡಬ್ಬಿಗೆ ಹಾಕಿ ಕೈಗಿಡುವುದುಂಟು. ಅಲ್ಲೇ ನಿಂತು ಹಾಕಿಸಿಕೊಳ್ಳಿ. ಪೊಟ್ಟಣದ ಮೇಲೆ ‘ರೇಸ್ ಬಳಕೆಗೆ ಮಾತ್ರ’ ಎಂದಿದ್ದರೆ ಚರ್ಚೆಯೇ ಬೇಡ, ತಯಾರಕರೇ ರಸ್ತೆಗೆ ಬೇಡವೆಂದಿದ್ದಾರೆ.

ಇನ್ನು ಹೆಚ್ಚು ಗೊಂದಲವಿರುವ ಕಾನೂನು ಮೋಟಾರು ವಾಹನ ಕಾಯ್ದೆ, 1988ರ 52ನೇ ಸೆಕ್ಷನ್. ತಯಾರಕರು ನಿರ್ದಿಷ್ಟಪಡಿಸಿದ ಮೂಲ ವಿವರಗಳಿಗೆ ಆರ್‌ಸಿಯ ವಿವರಗಳು ವ್ಯತ್ಯಾಸವಾಗುವಂತೆ ವಾಹನ ಬದಲಾಯಿಸಬಾರದು ಎನ್ನುತ್ತದೆ ಅದು. ಆರ್‌ಸಿಯಲ್ಲಿ ಎಂಜಿನ್ ಸಂಖ್ಯೆ, ಚಾಸಿ ಸಂಖ್ಯೆ, ಇಂಧನ, ಸಿಸಿ, ಬಣ್ಣ ಎಲ್ಲಕ್ಕೂ ಜಾಗವಿದೆ, ಸೈಲೆನ್ಸರಿಗೆ ಕಾಲಮ್ಮೇ ಇಲ್ಲ. ‘ಬದಲಾವಣೆ’ ಎಂದರೆ ವಾಹನದ ಮೂಲ ಲಕ್ಷಣವೇ ಬೇರೆಯಾಗುವಂತೆ ರಚನೆಯಲ್ಲಿ ಮಾಡಿದ ಮಾರ್ಪಾಡು ಎಂದು ಸೆಕ್ಷನ್ನಿನ ವಿವರಣೆಯೇ ಹೇಳುತ್ತದೆ. ಹಿಂಬದಿಯ ಡಬ್ಬಿಯನ್ನಷ್ಟೇ ಬದಲಿಸುವ ಸ್ಲಿಪ್-ಆನ್ ಇದರೊಳಗೆ ಬರುವುದಿಲ್ಲ ಎಂದು ವಾದಿಸಲು ಅವಕಾಶವಿದೆ. ಆದರೆ ಇದನ್ನೇ ನೆಚ್ಚಿಕೊಳ್ಳುವುದು ಅಪಾಯ. ರೀಜನಲ್ ಟ್ರಾನ್ಸ್‌ಪೋರ್ಟ್ ಆಫೀಸರ್ ವಿರುದ್ಧ ಕೆ. ಜಯಚಂದ್ರ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ತಯಾರಕರ ಮೂಲ ವಿನ್ಯಾಸಕ್ಕೆ ವಿರುದ್ಧವಾಗುವ ಬದಲಾವಣೆಗೆ ಅವಕಾಶವಿಲ್ಲ ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅದೇ ವರ್ಷ ಕಾಯ್ದೆಗೆ ಸೇರಿದ 182ಎ(4) ಸೆಕ್ಷನ್ ಬಿಡಿಭಾಗ ಜೋಡಿಸಿ ಮಾಡುವ ಅನಧಿಕೃತ ಬದಲಾವಣೆಯನ್ನೂ ಹೆಸರಿಸುತ್ತದೆ. ಅದರ ಶಿಕ್ಷೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

ಸ್ಲಿಪ್-ಆನ್ ಬಿಟ್ಟು ಫುಲ್ ಸಿಸ್ಟಮ್ ಹಾಕಿಸುವವರ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಬೈಕುಗಳಲ್ಲಿ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಮತ್ತು ಆಕ್ಸಿಜನ್ ಸೆನ್ಸರ್ ಇರುವುದು ಈ ಕೊಳವೆಯ ಸಾಲಿನಲ್ಲೇ. ಬೆಂಡ್ ಪೈಪಿನಿಂದಲೇ ಬದಲಿಸಿದಾಗ ಕನ್ವರ್ಟರ್ ಹೋದರೆ ಸದ್ದಿನ ಜೊತೆ ಹೊಗೆಯ ತಕರಾರೂ ಶುರು. ಅದು 115ನೇ ನಿಯಮದ ಉಲ್ಲಂಘನೆ, ಪಿಯುಸಿ ಪರೀಕ್ಷೆಯಲ್ಲೂ ತೊಂದರೆ ಕೊಡಬಹುದು. ನನ್ನ ಅಭಿಪ್ರಾಯದಲ್ಲಿ ಪ್ರವಾಸದ ಬೈಕಿಗೆ ಫುಲ್ ಸಿಸ್ಟಮ್ ಬೇಕಾಗಿಯೇ ಇಲ್ಲ. ಹೈದರಾಬಾದಿನಿಂದ ಜಹೀರಾಬಾದ್ ದಾಟಿ ಬಸವಕಲ್ಯಾಣದವರೆಗೆ ಒಂದೇ ವೇಗದಲ್ಲಿ ಹೋಗುವಾಗ ಕಿವಿಯಲ್ಲಿ ಗುಂಯ್ಗುಡುವ ಸದ್ದು ಅಂಗಡಿಯ ಮುಂದೆ ಕೇಳಿದ ಎರಡು ನಿಮಿಷದ ಸದ್ದಿನಂತಿರುವುದಿಲ್ಲ, ಅದು ಆಯಾಸ ತರುತ್ತದೆ. ಸೈಡ್ ಬ್ಯಾಗಿಗೆ ಬಿಸಿ ತಾಗುತ್ತದೆಯೇ, ಹೀಟ್ ಶೀಲ್ಡ್ ಇದೆಯೇ ಎಂಬುದನ್ನು ಮೊದಲು ನೋಡಬೇಕು. ತಯಾರಕ ಕಂಪನಿಯೇ ನಿಮ್ಮ ಮಾದರಿಗೆಂದು ಕೊಡುವ ಅಧಿಕೃತ ಆಕ್ಸೆಸರಿ ಸಿಕ್ಕರೆ, ನಾಲ್ಕು ಕಾಸು ಹೆಚ್ಚಾದರೂ ಅದೇ ಲೇಸು. ಅದಕ್ಕೂ ಲಿಖಿತ ದೃಢೀಕರಣ ಕೇಳಿ.

ಶಬ್ದ ಮತ್ತು ಹೊಗೆಯ ಮಾನದಂಡ ಮೀರಿದ ವಾಹನ ಓಡಿಸಿದರೆ ಅನ್ವಯವಾಗುವುದು 190(2) ಸೆಕ್ಷನ್. ಮೊದಲ ಸಲ ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಮತ್ತೆ ಸಿಕ್ಕರೆ ಸೆರೆ ಆರು ತಿಂಗಳವರೆಗೆ. ಇವು ಕಾಯ್ದೆಯಲ್ಲಿರುವ ಗರಿಷ್ಠ ಶಿಕ್ಷೆಗಳು. ರಸ್ತೆಯಲ್ಲಿ ಕಟ್ಟುವ ರಾಜಿ ದಂಡವನ್ನು 200ನೇ ಸೆಕ್ಷನ್ನಿನಡಿ ಆಯಾ ರಾಜ್ಯ ಸರ್ಕಾರ ನಿಗದಿಪಡಿಸುವುದರಿಂದ ಅಬಿಡ್ಸ್‌ನ ಚಲನ್ ಮೊತ್ತವೂ ಬೀದರ್‌ನ ಮೊತ್ತವೂ ಒಂದೇ ಆಗಬೇಕೆಂದಿಲ್ಲ.

ತಪಾಸಣೆಯಲ್ಲಿ ಬೈಕ್ ನಿಲ್ಲಿಸಿದಾಗ ಸವಾರನಿಗೂ ಹಕ್ಕುಗಳಿವೆ. ಸಮವಸ್ತ್ರದಲ್ಲಿರುವ ಅಧಿಕಾರಿ ಕೇಳಿದರೆ ದಾಖಲೆ ತೋರಿಸಲೇಬೇಕು. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿರುವ ಪ್ರತಿಯೂ ನಡೆಯುತ್ತದೆ. ಯಾವ ಸೆಕ್ಷನ್ನಿನಡಿ ಚಲನ್ ಎಂದು ಕೇಳಿ. ಸದ್ದು ಅಳೆದಿದ್ದರೆ ಯಾವ ಉಪಕರಣ, ಎಷ್ಟು ದೂರ, ಎಷ್ಟು ಡೆಸಿಬಲ್ ಎಂಬುದನ್ನು ದಾಖಲಿಸಲು ವಿನಯದಿಂದಲೇ ಕೋರಿ. ರಸೀದಿ ಇಲ್ಲದೆ ಹಣ ಕೊಡಬೇಡಿ. ಆರೋಪ ಒಪ್ಪದಿದ್ದರೆ ರಾಜಿ ದಂಡ ಕಟ್ಟುವುದು ಕಡ್ಡಾಯವಲ್ಲ, ನ್ಯಾಯಾಲಯದಲ್ಲಿ ವಾದ ಮಂಡಿಸಬಹುದು. ಕಂಪನಿಯ ಸೈಲೆನ್ಸರ್ ಇದ್ದೂ ಚಲನ್ ಬಿದ್ದವರಿಗೆ ಇದು ಮುಖ್ಯ.

ಬೈಕನ್ನೇ ತಡೆಹಿಡಿಯುವ ವಿಚಾರ ಬಂದರೆ 207ನೇ ಸೆಕ್ಷನ್ ನೆನಪಿರಲಿ. ಅದರಲ್ಲಿರುವ ಕಾರಣಗಳು ಲೈಸೆನ್ಸ್ ಇಲ್ಲದಿರುವುದು, ವಯಸ್ಸಾಗದವರು ಓಡಿಸುವುದು, ನೋಂದಣಿ ಇಲ್ಲದಿರುವುದು, ಪರ್ಮಿಟ್ ಇಲ್ಲದಿರುವುದು ಇಂಥವು. ಸೈಲೆನ್ಸರ್ ಬದಲಾವಣೆ ಆ ಪಟ್ಟಿಯಲ್ಲಿಲ್ಲ. ಅಪರಾಧದ ಸಾಕ್ಷ್ಯವೆಂದು ಸೈಲೆನ್ಸರನ್ನೋ ಬೈಕನ್ನೋ ಜಪ್ತಿ ಮಾಡುವುದಾದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ನಿನಂತೆ ನಡೆಯಬೇಕು, ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಬೇಕು. ಜಪ್ತಿಯ ಪಂಚನಾಮೆಯ ಪ್ರತಿ ಕೇಳಿ ಪಡೆಯಿರಿ. ಬೈಕನ್ನು ಬಿಡಿಸಿಕೊಳ್ಳಲು ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು. ಠಾಣೆಯ ಅಂಗಳದಲ್ಲಿ ವಾಹನಗಳನ್ನು ತುಕ್ಕು ಹಿಡಿಯಲು ಬಿಡಬಾರದು ಎಂದು ಸುಪ್ರೀಂ ಕೋರ್ಟು 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿದೆ. ಆರ್‌ಸಿ ಅಮಾನತು ಮಾಡುವುದಿದ್ದರೂ ಮೋಟಾರು ವಾಹನ ಕಾಯ್ದೆಯ 53ನೇ ಸೆಕ್ಷನ್ನಿನ ಪ್ರಕಾರ ಮೊದಲು ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು. ಹಳೆಯ ಸೈಲೆನ್ಸರನ್ನು ಗುಜರಿಗೆ ಹಾಕದೆ ಮನೆಯಲ್ಲಿಟ್ಟಿದ್ದರೆ, ಅದನ್ನು ಮರುಜೋಡಿಸಿ ದೋಷ ಸರಿಪಡಿಸಿದ್ದೇನೆ ಎಂದು ತೋರಿಸುವ ದಾರಿ ಸುಲಭ.

ವಿಮೆಯ ವಿಷಯವೂ ಇದೆ. ಬದಲಾವಣೆಯನ್ನು ಕಂಪನಿಗೆ ಲಿಖಿತವಾಗಿ ತಿಳಿಸದಿದ್ದರೆ ಸ್ವಂತ ಹಾನಿಯ ಕ್ಲೇಮಿನಲ್ಲಿ ತಕರಾರು ಬರಬಹುದು. ಎಂಜಿನ್ನಿನ ವಾರಂಟಿಗೂ ಇದೇ ಮಾತು.

ಇಷ್ಟು ಹೇಳಿದ ಮೇಲೆ ಸದ್ದು ಕೇಳುವವರ ಪರವಾಗಿಯೂ ಮಾತಾಡಬೇಕು. ಅಬಿಡ್ಸ್ ಬರೀ ಮಾರುಕಟ್ಟೆಯಲ್ಲ. ಸೇಂಟ್ ಜಾರ್ಜ್ ಗ್ರಾಮರ್ ಸ್ಕೂಲ್, ಚಿರಾಗ್ ಅಲಿ ಲೇನಿನ ಲಿಟಲ್ ಫ್ಲವರ್, ಗನ್‌ಫೌಂಡ್ರಿಯ ರೋಸರಿ ಕಾನ್ವೆಂಟ್ ಎಲ್ಲ ಇಲ್ಲೇ ಇವೆ. ಕಾಚಿಗುಡದ ನಮ್ಮ ಕನ್ನಡದ ನೃಪತುಂಗ ಶಾಲೆಯೂ ದೂರವಿಲ್ಲ. ಪಾಠ ನಡೆಯುವ ಕೋಣೆಯ ಕಿಟಕಿಯಾಚೆ ಒಂದು ಖಾಲಿ ಪೈಪು ಹಾದುಹೋದರೆ ಹಿಂದಿನ ಬೆಂಚಿನ ಮಗುವಿಗೆ ಆ ವಾಕ್ಯವೇ ಕೇಳಿಸುವುದಿಲ್ಲ. ಸದ್ದಿನ ಕಾಟವಿಲ್ಲದೆ ಬದುಕುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟು 2005ರ ಜುಲೈ 18ರಂದು ತೀರ್ಪಿತ್ತಿತು. ಬದಲಾಯಿಸಿದ ಸೈಲೆನ್ಸರುಗಳ ಹಾವಳಿ ಕಂಡು ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠ 2021ರ ಜುಲೈಯಲ್ಲಿ ತಾನಾಗಿಯೇ ಪ್ರಕರಣ ದಾಖಲಿಸಿಕೊಂಡಿತು. ನಿಮ್ಮ ಬೀದಿಯಲ್ಲಿ ರಾತ್ರಿ ಇಂಥ ಕಾಟವಿದ್ದರೆ ವಾಹನದ ಸಂಖ್ಯೆ, ಸಮಯ, ಸ್ಥಳ ಬರೆದುಕೊಂಡು 100 ಅಥವಾ 112ಕ್ಕೆ ಕರೆ ಮಾಡಿ. ಸಾರ್ವಜನಿಕ ಉಪದ್ರವಕ್ಕೆ ಭಾರತೀಯ ನ್ಯಾಯ ಸಂಹಿತೆಯ 292ನೇ ಸೆಕ್ಷನ್ನಿನಡಿ 1,000 ರೂಪಾಯಿವರೆಗೆ ದಂಡವಿದೆ.

‘ರೋಡ್ ಲೀಗಲ್’ ಎಂದು ನಂಬಿಸಿ ಮಾರಿದ ಸೈಲೆನ್ಸರಿಗೆ ಚಲನ್ ಬಿದ್ದರೆ ಅಂಗಡಿಯವರು ಕೈ ತೊಳೆದುಕೊಳ್ಳಲು ಬಿಡಬೇಕಾಗಿಲ್ಲ. ವಸ್ತುವಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳಿ ಮಾರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅದೇ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿಲ್ಲವಾದರೆ 30 ದಿನದೊಳಗೆ, ವಾಪಸು ಪಡೆಯಲು ಒಪ್ಪದಿರುವುದೂ ಅದೇ. ಬಿಲ್ಲಿನಲ್ಲಿ ತಯಾರಕರ ಹೆಸರು, ಮಾದರಿ ಸಂಖ್ಯೆ, ನಿಮ್ಮ ಬೈಕಿನ ಮಾದರಿ, ‘120ನೇ ನಿಯಮಕ್ಕೆ ಅನುಗುಣವಾಗಿದೆ’ ಎಂಬ ಒಂದು ಸಾಲು, ಡಿಬಿ ಕಿಲ್ಲರ್ ಸಹಿತ ಜೋಡಿಸಿದೆ ಎಂಬ ಇನ್ನೊಂದು ಸಾಲು ಬರೆಸಿಕೊಂಡಿದ್ದರೆ ನಿಮ್ಮ ದೂರಿಗೆ ಬೇಕಾದ ಸಾಕ್ಷ್ಯ ಬಹುಪಾಲು ಸಿದ್ಧವಾದಂತೆ. ಮೊದಲು ಅಂಗಡಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ನೋಟಿಸ್ ಕಳಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದೂರು ದಾಖಲಿಸಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು. ಕಾನೂನು ನೆರವು ಬೇಕಾದವರು 15100ಕ್ಕೆ ಕರೆ ಮಾಡಬಹುದು. ಕಲಬುರಗಿಯಿಂದಲೋ ಬೀದರಿನಿಂದಲೋ ಬಂದು ಅಬಿಡ್ಸ್‌ನಲ್ಲಿ ಕೊಂಡವರು ದೂರಿಗಾಗಿ ಮತ್ತೆ ಹೈದರಾಬಾದಿಗೆ ಅಲೆಯಬೇಕಾಗಿಲ್ಲ. ದೂರುದಾರ ವಾಸವಿರುವ ಅಥವಾ ದುಡಿಯುವ ಜಿಲ್ಲೆಯ ಆಯೋಗದಲ್ಲೇ ದೂರು ಹಾಕಲು 34ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಅವಧಿ ವ್ಯಾಜ್ಯಕ್ಕೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ.