ಬ್ರೋಕರ್ ಜಾಗ ತೋರಿಸಲಿ, ಕಾಗದ ನಾವು ನೋಡೋಣ

ನಮ್ಮ ಕ್ಲಾಸಿನಲ್ಲಿ ಪ್ಲೇಸ್‌ಮೆಂಟ್ ಮಾತು ಬಂದರೆ ಮೊದಲು ಪ್ಯಾಕೇಜ್, ಆಮೇಲೆ ಬೈಕು, ಕೊನೆಗೆ ಸೈಟು. ಮನೆಗಳಲ್ಲೂ ಹಾಗೇ. ಅಪ್ಪನ ಪಿಎಫ್, ಅಮ್ಮನ ಚೀಟಿ ದುಡ್ಡು, ಎಲ್ಲ ಸೇರಿ ಕೊನೆಗೆ ಒಂದು ಜಾಗ ಆಗುತ್ತೆ. ಆ ದುಡ್ಡಿಗೂ ಆ ಜಾಗಕ್ಕೂ ಮಧ್ಯೆ ನಿಂತಿರೋದು ಬ್ರೋಕರ್. ಅವರ ಜೊತೆ ಹೇಗೆ ವ್ಯವಹಾರ ಮಾಡಬೇಕು ಅನ್ನೋದು ಎಂಟು ಸೆಮಿಸ್ಟರ್‌ನಲ್ಲಿ ಎಲ್ಲೂ ಇಲ್ಲ. ಹಾಗಾಗಿ ಈ ಸಂಚಿಕೆಯ ಪಾಠ ಅದೇ.

ಉದಾಹರಣೆಗೆ ಕೊಡಗಿನ ಹಾರಂಗಿಯನ್ನು ತೆಗೆದುಕೊಳ್ಳೋಣ. ಕುಶಾಲನಗರಕ್ಕೆ ಹತ್ತಿರ, ಡ್ಯಾಂ ಇದೆ, ಹಿನ್ನೀರಿದೆ. ಲೇಔಟ್ ಸೈಟು, ಕಾಫಿ ತೋಟ, ಗದ್ದೆ, ಜಮ್ಮಾ ಜಮೀನು, ಹೀಗೆ ಎಲ್ಲ ಬಗೆಯ ಜಾಗವೂ ಆ ಸುತ್ತಿನಲ್ಲಿದೆ. ಇಲ್ಲಿ ಕಲಿತರೆ ಬೇರೆ ಊರು ಸುಲಭ.

1. ಮೊದಲು ಕಮಿಷನ್ ಲೆಕ್ಕ

ಒಂದು ಸೈಟಿಗೆ 20 ಲಕ್ಷ ಹೇಳಿದ್ದಾರೆ, ಕಮಿಷನ್ ಶೇ 2 ಅಂದುಕೊಳ್ಳೋಣ. ಬ್ರೋಕರ್‌ಗೆ ಸಿಗೋದು 40,000 ರೂಪಾಯಿ. ಅವರು ನಮ್ಮ ಪರವಾಗಿ ಚೌಕಾಸಿ ಮಾಡಿ 19 ಲಕ್ಷಕ್ಕೆ ಇಳಿಸಿದರೆ ನಮಗೆ ಒಂದು ಲಕ್ಷ ಉಳಿಯುತ್ತೆ, ಅವರಿಗೆ 2,000 ಕಡಿಮೆ ಆಗುತ್ತೆ. ವ್ಯಾಪಾರ ಮುರಿದುಬಿದ್ದರೆ? ಅವರಿಗೆ ಸೊನ್ನೆ. ಅಂದರೆ ರೇಟು ಇಳಿಸೋದರಿಂದ ಅವರಿಗೆ ಲಾಭ ಇಲ್ಲ, ವ್ಯಾಪಾರ ಬೇಗ ಮುಗಿಸೋದರಲ್ಲೇ ಲಾಭ.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞರಾದ ಲೆವಿಟ್ ಮತ್ತು ಸಿವರ್ಸನ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶಿಕಾಗೋ ಸುತ್ತಮುತ್ತ ಸುಮಾರು ಒಂದು ಲಕ್ಷ ಮನೆಗಳ ಮಾರಾಟ ನೋಡಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಗಿರಾಕಿಗಳ ಮನೆಗಿಂತ ಸುಮಾರು ಒಂಬತ್ತೂವರೆ ದಿನ ಹೆಚ್ಚು ಕಾದು, ಶೇ 3.7ರಷ್ಟು ಹೆಚ್ಚು ಬೆಲೆ ಪಡೆದಿದ್ದರು. ಸ್ವಂತದ್ದಾದರೆ ತಾಳ್ಮೆ, ಬೇರೆಯವರದ್ದಾದರೆ ಆತುರ!

ಹಾಗಂತ ಬ್ರೋಕರ್ ಕೆಟ್ಟವರು ಅಂತ ಅಲ್ಲ. ಯಾವ ತೋಟದ ಯಜಮಾನರು ಬೆಂಗಳೂರಿನಲ್ಲಿದ್ದಾರೆ, ಯಾವ ಮನೆಯಲ್ಲಿ ಪಾಲು ಆಗಿದೆ, ಪಕ್ಕದ ಜಾಗ ಕಳೆದ ವರ್ಷ ಎಷ್ಟಕ್ಕೆ ಹೋಯಿತು, ಇದೆಲ್ಲ ಗೊತ್ತಿರೋದು ಅವರಿಗೇ. ಆ ಮಾಹಿತಿಗೆ ದುಡ್ಡು ಕೊಡೋದು ನ್ಯಾಯ. ಆದರೆ ವ್ಯಾಪಾರ ಆದರೆ ಮಾತ್ರ ದುಡ್ಡು ಸಿಗುವವರ ಕೈಗೆ ಕಾಗದ ಪರಿಶೀಲನೆಯನ್ನೂ ಕೊಡಬಾರದು. ವಕೀಲರನ್ನು ನಾವೇ ಹುಡುಕಿ, ಫೀಸು ನಾವೇ ಕೊಡಬೇಕು. "ನಮ್ಮ ಲಾಯರ್ ಇದ್ದಾರೆ ಸರ್" ಅಂದರೆ ನಗುತ್ತಾ ಬೇಡ ಅನ್ನಿ. ಇಡೀ ಪಾಠದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳೋದಾದರೆ ಇದನ್ನೇ ಇಟ್ಟುಕೊಳ್ಳಿ.

2. ರೇರಾ ನಂಬರ್ ಕೇಳಿ

ರೇರಾ ಕಾಯ್ದೆ ಬಂದದ್ದು 2016ರಲ್ಲಿ, ಕರ್ನಾಟಕದ ನಿಯಮಗಳು 2017ರಲ್ಲಿ. ನೋಂದಣಿ ಆಗಬೇಕಾದ ಲೇಔಟ್ ಅಥವಾ ಅಪಾರ್ಟ್‌ಮೆಂಟ್ ಮಾರಿಸಿಕೊಡುವ ಏಜೆಂಟರೂ ರೇರಾದಲ್ಲಿ ನೋಂದಾಯಿಸಿರಬೇಕು. ನೋಂದಣಿ ಇಲ್ಲದೆ ಮಾರಿಸಿದರೆ ದಿನಕ್ಕೆ 10,000 ರೂಪಾಯಿ ದಂಡ. ಏಜೆಂಟರ ನಂಬರ್, ಪ್ರಾಜೆಕ್ಟ್‌ನ ನಂಬರ್ ಎರಡೂ ಬೇರೆ ಬೇರೆ. ಎರಡನ್ನೂ ಕೇಳಿ, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನಾವೇ ಹುಡುಕಬೇಕು. ಬುಕಿಂಗ್ ಸಮಯದಲ್ಲಿ ನಮಗೆ ಸಲ್ಲಬೇಕಾದ ದಾಖಲೆಗಳನ್ನು ಒದಗಿಸಿಕೊಡೋದು ಏಜೆಂಟರ ಕರ್ತವ್ಯ ಅಂತಲೇ ಕಾಯ್ದೆ ಹೇಳುತ್ತೆ. ಕೇಳೋಕೆ ಸಂಕೋಚ ಬೇಡ.

ಒಂದು ಮಿತಿ ಇದೆ. 500 ಚದರ ಮೀಟರ್ ಮೀರದ ಜಾಗದ ಪ್ರಾಜೆಕ್ಟ್‌ಗೆ ನೋಂದಣಿ ಬೇಕಿಲ್ಲ. ಒಬ್ಬ ಯಜಮಾನರು ತಮ್ಮ ಒಂದು ತೋಟ ಮಾರಿದರೆ ಅದೂ ರೇರಾ ಪ್ರಾಜೆಕ್ಟ್ ಆಗೋದಿಲ್ಲ. ಹಾರಂಗಿ ಕಡೆ ಇಂಥವು ಬೇಕಾದಷ್ಟಿವೆ. ಅಲ್ಲಿ ನಮ್ಮ ಕಣ್ಣೇ ರೇರಾ.

3. ಸೆಂಟಿನ ಲೆಕ್ಕ

ಕೊಡಗಿನಲ್ಲಿ ಜಾಗದ ಮಾತು ಸೆಂಟಿನಲ್ಲಿ. ಒಂದು ಎಕರೆಗೆ 100 ಸೆಂಟು, ಅಥವಾ 40 ಗುಂಟೆ. ಒಂದು ಸೆಂಟು 435.6 ಚದರಡಿ, ಒಂದು ಗುಂಟೆ 1,089 ಚದರಡಿ. ನಮಗೆ ಗೊತ್ತಿರುವ 30-40 ಸೈಟು ಅಂದರೆ ಸುಮಾರು 2.75 ಸೆಂಟು. ಸೆಂಟಿಗೆ ಒಂದೂವರೆ ಲಕ್ಷ ಅಂದರೆ ಚದರಡಿಗೆ ಸುಮಾರು 344 ರೂಪಾಯಿ. ಎರಡು ಜಾಗ ಹೋಲಿಸುವ ಮೊದಲು ಯೂನಿಟ್ ಒಂದೇ ಮಾಡಿಕೊಳ್ಳಿ. ಇದನ್ನು ನಮಗೆ ಫಿಸಿಕ್ಸ್ ಮೇಷ್ಟ್ರೇ ಹೇಳಿದ್ದಾರೆ!

4. ಮೂರು ಅರ್ಧಸತ್ಯಗಳು

"ಈಗ ಯಾರು ಬೇಕಾದ್ರೂ ಕೃಷಿ ಜಮೀನು ತಗೋಬಹುದು ಸರ್." ಹೌದು, 2020ರ ಭೂ ಸುಧಾರಣಾ ತಿದ್ದುಪಡಿಯಿಂದ ಕೃಷಿಕರಲ್ಲದವರಿಗಿದ್ದ ತಡೆ ಹೋಯಿತು. ಆದರೆ ಕೊಳ್ಳೋದು ಬೇರೆ, ಅಲ್ಲಿ ಹೋಂಸ್ಟೇ ಕಟ್ಟೋದು ಬೇರೆ. ಅದಕ್ಕೆ ಭೂ ಪರಿವರ್ತನೆ ಆಗಬೇಕು. "ಆಮೇಲೆ ಮಾಡಿಸಿಕೊಡ್ತೀವಿ" ಅಂದರೆ ಪರಿವರ್ತನೆ ಆದೇಶ ಕೈಗೆ ಬರೋತನಕ ಅದು ತೋಟ ಅಷ್ಟೇ, ಸೈಟಲ್ಲ.

"ಮನೆಯವರೆಲ್ಲ ಒಪ್ಪಿದ್ದಾರೆ." ಕೊಡಗಿನ ಜಮ್ಮಾ ಜಮೀನು ಕುಟುಂಬಕ್ಕೆ ಸೇರಿದ್ದು. ಪಹಣಿಯಲ್ಲಿ ಅಜ್ಜನ ಕಾಲದ ಪಟ್ಟೇದಾರರ ಹೆಸರಿನ ಜೊತೆ ಎಷ್ಟೋ ಜನರ ಹೆಸರಿರಬಹುದು. ಕಾಫಿ ಕೊಟ್ಟು ಮಾತಾಡಿಸಿದವರೊಬ್ಬರೇ ಯಜಮಾನರಲ್ಲ. ಪಹಣಿಯ 9ನೇ ಕಾಲಂನಲ್ಲಿ ಹೆಸರುಗಳನ್ನೂ 11ನೇ ಕಾಲಂನಲ್ಲಿ ಸಾಲ, ಋಣವನ್ನೂ ನೋಡಿ. ಹೆಸರಿರುವವರೆಲ್ಲ ಸಹಿ ಹಾಕಬೇಕು. ಬರೀ ಜಿಪಿಎ ತೋರಿಸಿ "ಇದೇ ಸೇಲ್" ಅಂದರೆ ಎದ್ದು ಬನ್ನಿ. ಜಿಪಿಎ ಮೂಲಕ ಒಡೆತನ ವರ್ಗ ಆಗೋದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮಂಜೂರಾತಿಯ ಷರತ್ತುಗಳನ್ನೂ ವಕೀಲರಿಗೆ ತೋರಿಸಬೇಕು.

"ನೀರು ಇಲ್ಲಿವರೆಗೆ ಬರಲ್ಲ." ಹಾರಂಗಿ ಜಲಾಶಯದ ಗರಿಷ್ಠ ಮಟ್ಟ 2,859 ಅಡಿ. ಬೇಸಿಗೆಯಲ್ಲಿ ನೀರು ಇಳಿದು ಹಿನ್ನೀರಿನ ಅಂಚು ಹಸಿರು ಮೈದಾನದ ಹಾಗೆ ಕಾಣುತ್ತೆ. ಏಪ್ರಿಲ್‌ನಲ್ಲಿ ನೋಡಿದ ಜಾಗವನ್ನು ಆಗಸ್ಟ್‌ನಲ್ಲೂ ಒಮ್ಮೆ ನೋಡಿ. ಫೋನಿನ ಜಿಪಿಎಸ್ ಎತ್ತರ ನಂಬಬೇಡಿ, ಹಲವು ಮೀಟರ್ ತಪ್ಪುತ್ತೆ. ಸಿವಿಲ್‌ನವರು ಲ್ಯಾಬಿನಲ್ಲಿ ಕಲಿತ ಲೆವೆಲಿಂಗ್ ಇಲ್ಲಿ ನಿಜಕ್ಕೂ ಕೆಲಸಕ್ಕೆ ಬರುತ್ತೆ. ನದಿ ಪಕ್ಕದ ಸೈಟಿಗೂ ಇದೇ ಮಾತು. 2018ರ ಆಗಸ್ಟ್ ಮಳೆಯಲ್ಲಿ ಕುಶಾಲನಗರದ ಕಾವೇರಿ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ನೀರು ಎಲ್ಲಿವರೆಗೆ ಬಂದಿತ್ತು, ಆನೆ ಯಾವ ಕಡೆಯಿಂದ ಬರುತ್ತೆ, ಇವನ್ನು ಬ್ರೋಕರ್ ಇಲ್ಲದಾಗ ಪಕ್ಕದ ಮನೆಯವರನ್ನು ಕೇಳಬೇಕು.

5. ದುಡ್ಡು ಕೈಬಿಡುವ ಮುನ್ನ

"ಇನ್ನೊಂದು ಪಾರ್ಟಿ ಸಂಜೆ ಬರ್ತಿದ್ದಾರೆ, ಈಗಲೇ ಟೋಕನ್ ಕೊಡಿ." ಈ ಡೈಲಾಗ್ ಎಲ್ಲ ಊರಲ್ಲೂ ಇದೆ. ಸರ್ವೆ ನಂಬರ್ ಮೊದಲು ಕೊಡಿ ಅನ್ನಿ. ಸರ್ವೆ ನಂಬರ್ ಇದ್ದರೆ ಭೂಮಿ ಪೋರ್ಟಲ್‌ನಲ್ಲಿ ಪಹಣಿ ನೋಡಬಹುದು, ಕಾವೇರಿ ಪೋರ್ಟಲ್‌ನಲ್ಲಿ ಇಸಿಗೆ ಅರ್ಜಿ ಹಾಕಬಹುದು. ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ನಾವು ನಿಂತಿರುವ ಸರ್ವೆ ನಂಬರ್ ತೋರಿಸುತ್ತೆ. ತೋರಿಸಿದ ಜಾಗವೂ ಕಾಗದದ ಜಾಗವೂ ಒಂದೇನಾ ಅಂತ ಅಲ್ಲೇ ತಿಳಿಯುತ್ತೆ. ಬೇಲಿ, ಗಡಿ ಮಾತ್ರ ಸರ್ವೆಯರ್ ಅಳೆದೇ ಹೇಳಬೇಕು.

ಅಡ್ವಾನ್ಸ್ ಬ್ರೋಕರ್ ಖಾತೆಗೆ ಬೇಡ, ಪಹಣಿಯಲ್ಲಿ ಹೆಸರಿರುವವರ ಖಾತೆಗೆ ಬ್ಯಾಂಕ್ ಮೂಲಕವೇ ಹೋಗಲಿ. ರೇರಾ ಪ್ರಾಜೆಕ್ಟ್ ಆದರೆ ನೋಂದಾಯಿತ ಕರಾರು ಆಗುವ ಮೊದಲು ಶೇ 10ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಬೇರೆ ಕಡೆಯೂ ಅದನ್ನೇ ನಮ್ಮ ನಿಯಮ ಮಾಡಿಕೊಳ್ಳಬಹುದು. "ಅರ್ಧ ಕ್ಯಾಶ್ ಕೊಡಿ, ಖರ್ಚು ಉಳಿಯುತ್ತೆ" ಅಂದರೂ ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಹೆಚ್ಚು ನಗದು ಅಡ್ವಾನ್ಸ್ ಪಡೆಯೋದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. ಅದಕ್ಕಿಂತ ಮುಖ್ಯ, ನಾಳೆ ವ್ಯಾಪಾರ ಮುರಿದರೆ ಅಪ್ಪ ಆ ಅರ್ಧವನ್ನು ಕೊಟ್ಟಿದ್ದರು ಅನ್ನೋದಕ್ಕೆ ಸಾಕ್ಷಿಯೇ ಇರೋದಿಲ್ಲ. ಕಮಿಷನ್ ಎಷ್ಟು, ಯಾವಾಗ ಅನ್ನೋದನ್ನೂ ಮೊದಲೇ ಬರೆದಿಟ್ಟುಕೊಳ್ಳಿ. ಕ್ರಯಪತ್ರ ನೋಂದಣಿ ಆದ ದಿನ ಅದನ್ನು ಪೂರ್ತಿ ಕೊಡಿ, ಆಗ ಚೌಕಾಸಿ ಬೇಡ.

ಅಭ್ಯಾಸ: ಈ ಸಲ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯವರ ಅಥವಾ ನೆಂಟರ ಜಮೀನಿನ ಸರ್ವೆ ನಂಬರ್ ಕೇಳಿ, ಫೋನಿನಲ್ಲೇ ಪಹಣಿ ತೆಗೆಯಿರಿ. 9 ಮತ್ತು 11ನೇ ಕಾಲಂ ಓದಿ, ಅರ್ಥ ಆಗದ ಪದಗಳನ್ನು ಅಜ್ಜನನ್ನೋ ದೊಡ್ಡಪ್ಪನನ್ನೋ ಕೇಳಿ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನಮಗೆ ಖರಾಬು, ಹಿಸ್ಸಾ, ಪೋಡಿ ಎಲ್ಲ ಹೊಸ ಪದಗಳೇ. ಟೋಕನ್ ಕೊಡುವ ದಿನ ಬರುವ ಮೊದಲೇ ಕಲಿತುಬಿಡೋಣ.